ಘಟ್ಟದ ದಾರಿಯಲ್ಲಿ ಸೈಕಲ್

ಸೇಲಂ ಜಿಲ್ಲೆಯ ಏರ್ಕಾಡಿನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕಾಡು ಎರಡು ಭಾಷೆಗಳಲ್ಲೂ ಕಾಡೇ. ಕನ್ನಡದಲ್ಲಾದರೋ ‘ಏರಿ’ ಎಂದರೆ ಕೆರೆಯ ಕಟ್ಟೆ. ‘ಏರು’ ಎಂದರೆ ಹತ್ತು. ಸೈಕಲ್ಲಿನಲ್ಲಿ ಆ ಊರಿಗೆ ಹೊರಟವನಿಗೆ ಮೊದಲು ನೆನಪಾಗುವುದು ಈ ಕೊನೆಯ ಅರ್ಥವೇ!

ಸೇಲಂ ನಗರ ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿದೆ. ಶೇರ್ವರಾಯನ್ ಬೆಟ್ಟಗಳ ಮೇಲಿರುವ ಏರ್ಕಾಡಿನ ಎತ್ತರ ಸುಮಾರು 1,500 ಮೀಟರ್. ನಡುವೆ ಸುಮಾರು 30 ಕಿ.ಮೀ. ದಾರಿ; ಘಟ್ಟದಲ್ಲಿ 20 ಹೇರ್‌ಪಿನ್ ತಿರುವುಗಳು. ಗೇರ್ ಸೈಕಲ್ ಕೊಂಡ ಹುಡುಗರು ಬಂದು, “ಸಾರ್, ನಾವೂ ಏರ್ಕಾಡಿಗೆ ಹೋಗಿಬರುತ್ತೇವೆ” ಎನ್ನುವುದುಂಟು. “ಹತ್ತುವುದು ಕಷ್ಟವೋ, ಇಳಿಯುವುದು ಕಷ್ಟವೋ?” ಎಂದು ಕೇಳಿದರೆ, “ಹತ್ತುವುದೇ ಸಾರ್” ಎಂದು ಒಂದೇ ದನಿಯಲ್ಲಿ ಉತ್ತರ ಬರುತ್ತದೆ. ಈ ಉತ್ತರ ಸರಿಯೇ ಎಂಬುದನ್ನು ವಿಚಾರಮಾಡೋಣ.

ಹತ್ತುವ ಲೆಕ್ಕ

ಸವಾರನೂ ಸೈಕಲ್ಲೂ ಸೇರಿ 70 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಈ ಭಾರವನ್ನು 1,200 ಮೀಟರ್ ಮೇಲಕ್ಕೆ ಒಯ್ಯಲು ಎಂಟು ಲಕ್ಷ ಜೂಲ್‌ಗೂ ಮಿಗಿಲಾದ ಶಕ್ತಿ ಬೇಕು. ನಾವು ಉಂಡ ಅನ್ನದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲು ತುಳಿಯುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಬೆವರು ಸುರಿಯುವುದು ಇದರಿಂದಲೇ. ಆದುದರಿಂದ ಹೊಟ್ಟೆಗೆ ರಾಗಿಯ ಆಹಾರವೂ ಜೊತೆಗೆ ಬೇಕಾದಷ್ಟು ನೀರೂ ಇರಬೇಕು.

ಗೇರು ಶಕ್ತಿಯನ್ನು ಕೊಡುವುದಿಲ್ಲ. ಕೆಲಸವನ್ನು ಸಣ್ಣ ಸಣ್ಣ ಕಂತುಗಳಾಗಿ ಹಂಚಿಕೊಡುತ್ತದೆ. ಸಾಧಾರಣ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ಬಂದಾಗ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬೆಟ್ಟದ ಸೈಕಲ್ಲಿನಲ್ಲಿ ಮುಂದೆ 22, ಹಿಂದೆ 32 ಹಲ್ಲುಗಳ ಗೇರು ಹಾಕಿದರೆ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಮಾತ್ರ. ದಾರಿ ನಿಧಾನವಾಗಿ ಸಾಗಿದರೂ ಕಾಲಿಗೆ ಭಾರ ತಿಳಿಯದು. ದಣಿದರೆ ಇಳಿದು ಕುಳಿತುಕೊಳ್ಳಬಹುದು. ಹತ್ತುವಾಗ ತಪ್ಪು ಮಾಡಿದವನಿಗೆ ದಣಿವೇ ಶಿಕ್ಷೆ.

ಇಳಿಯುವ ಲೆಕ್ಕ

ಮೇಲೇರಿಸಿದ ಎಂಟು ಲಕ್ಷ ಜೂಲ್ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ, ನಮ್ಮ ಜೊತೆಯಲ್ಲೇ ಬೆಟ್ಟದ ಮೇಲೆ ಕುಳಿತಿದೆ. ಇಳಿಯುವಾಗ ಅದು ವೇಗವಾಗಿ ಹೊರಬರುತ್ತದೆ. ಒಂದಷ್ಟನ್ನು ಎದುರುಗಾಳಿ ತಡೆಯುತ್ತದೆ. ಮಿಕ್ಕದ್ದನ್ನು ಬ್ರೇಕು ಶಾಖವಾಗಿ ಮಾರ್ಪಡಿಸಬೇಕು. ಅಷ್ಟೂ ಶಾಖವನ್ನು ಒಂದೆಡೆ ಕೂಡಿಟ್ಟರೆ ಎರಡೂಮುಕ್ಕಾಲು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಬೆರಳುದ್ದದ ರಬ್ಬರು ತುಂಡುಗಳು ಹೊರಬೇಕಾದ ಹೊಣೆ ಎಂಥದೆಂದು ಈಗ ಯೋಚಿಸಿ.

ಇನ್ನೊಂದು ಮಾತು. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ತಿರುವಿನ ಆಚೆ ಬಸ್ಸು ಕಂಡ ಮೇಲೆ ಈ ಲೆಕ್ಕ ಮಾಡಲು ಸಮಯವಿರುವುದಿಲ್ಲ.

ಬೆಟ್ಟದ ಸೈಕಲ್ಲಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಕೆಲವು ಯುವಕರು ಹಳೆಯ ಸೈಕಲ್ಲುಗಳಲ್ಲಿ ಬೆಟ್ಟದ ಮಣ್ಣುದಾರಿಯನ್ನು ಇಳಿಯುವ ಪಂದ್ಯವನ್ನು ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಅವರ ಬ್ರೇಕುಗಳು ಎಷ್ಟು ಕಾಯುತ್ತಿದ್ದವೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ಪಂದ್ಯಕ್ಕೆ ‘ರೀಪ್ಯಾಕ್’, ಅಂದರೆ ‘ಮತ್ತೆ ತುಂಬು’, ಎಂಬ ಹೆಸರೇ ಬಂತು. ಬೆಟ್ಟದ ಸೈಕಲ್ ಪಂದ್ಯವು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸನ್ನೂ ಸೇರಿತು. ನಮ್ಮ ಧರ್ಮಪುರಿಯಿಂದ ಸೇಲಂಗೆ ಹೋಗುವ ಹೆದ್ದಾರಿಯ ತೊಪ್ಪೂರು ಘಟ್ಟದಲ್ಲಿ, ಬ್ರೇಕು ಸೋತ ಲಾರಿಗಳಿಂದ ಆದ ಅಪಘಾತಗಳನ್ನು ನೀವೆಲ್ಲ ಬಲ್ಲಿರಿ. ಲಾರಿಗೂ ಸೈಕಲ್ಲಿಗೂ ಇಳಿಜಾರಿನ ನಿಯಮ ಒಂದೇ.

ಒಂದು ಅನುಭವ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನನ್ನ ಸೈಕಲ್ಲಿನ ಬ್ರೇಕಿನ ರಬ್ಬರು ಸವೆದಿತ್ತು. ಅದು ನನಗೆ ಗೊತ್ತಿತ್ತು. ‘ನಾಳೆ ಹಾಕಿಸಿದರಾಯಿತು’ ಎಂದುಕೊಂಡು, ತಮ್ಮನನ್ನು ಹಿಂದೆ ಕೂರಿಸಿಕೊಂಡು ಊರ ಮುಂದಿನ ಇಳಿಜಾರನ್ನು ಇಳಿದೆ. ನನ್ನ ಮೊಣಕಾಲು ತರಚಿತು. ತಮ್ಮನ ಬಲಗೈ ಮುರಿಯಿತು. ಆ ವರ್ಷ ಅವನು ಪರೀಕ್ಷೆಗೆ ಕೂರಲಾಗಲಿಲ್ಲ. ತಂದೆಯವರು ನನ್ನನ್ನು ಬೈಯಲಿಲ್ಲ. ಮರುದಿನ ಹೊಸ ರಬ್ಬರನ್ನು ತಂದು ನನ್ನ ಕೈಯಲ್ಲಿಟ್ಟರು, ಅಷ್ಟೆ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ನೆನಪಿಡಬೇಕಾದುವು

1. ಹೊರಡುವ ಮುನ್ನ ಎರಡು ಬ್ರೇಕುಗಳನ್ನೂ ಹಿಡಿದು, ಸೈಕಲ್ಲನ್ನು ತಳ್ಳಿ ನೋಡಿ.

2. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ. ತಿರುವಿನಲ್ಲಿ ಒಮ್ಮೆಲೇ ಬ್ರೇಕು ಹಿಡಿಯಬೇಡಿ.

3. ಎರಡೂ ಬ್ರೇಕುಗಳನ್ನು ಹದವಾಗಿ, ಬಿಟ್ಟುಬಿಟ್ಟು ಹಿಡಿಯಿರಿ. ಮುಂದಿನದನ್ನು ಮಾತ್ರ ಜೋರಾಗಿ ಹಿಡಿದರೆ ಸವಾರನು ತಲೆಕೆಳಗಾಗಿ ಬೀಳುವನು.

4. ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ಹಿಡಿತ ಕಡಿಮೆ. ಆಗ ಇಳಿದು ನಡೆಯುವುದು ಅವಮಾನವಲ್ಲ.

5. ಘಟ್ಟದಲ್ಲಿ ಹತ್ತಿಬರುವ ವಾಹನಕ್ಕೆ ಮೊದಲು ದಾರಿ ಬಿಡಿ. ಹೆಲ್ಮೆಟ್ ಧರಿಸಿ; ಹಿರಿಯರೊಬ್ಬರ ಜೊತೆಯಿಲ್ಲದೆ ಘಟ್ಟಕ್ಕೆ ಹೋಗಬೇಡಿ.

ಪೋಷಕರಲ್ಲಿ ಒಂದು ವಿನಂತಿ. ಹನ್ನೊಂದನೆಯ ತರಗತಿಯಲ್ಲಿ ಸರ್ಕಾರ ಕೊಡುವ ಸೈಕಲ್ ಅನೇಕ ಮನೆಗಳಲ್ಲಿದೆ. ಮಗ ಇಲ್ಲವೆ ಮಗಳು ಶಾಲೆಗೆ ಹೊರಡುವಾಗ ಬುತ್ತಿಯನ್ನು ನೋಡುವಂತೆ, ವಾರಕ್ಕೊಮ್ಮೆ ಬ್ರೇಕನ್ನೂ ನೋಡಿರಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನೀವು ಓದಿದ್ದೀರಿ. ಬೆಟ್ಟ ಹತ್ತಲು ಬಲ ಬೇಕು, ಇಳಿಯಲು ಬುದ್ಧಿ ಬೇಕು. ಎರಡನ್ನೂ ಕೂಡಿಸಿಕೊಂಡು ಏರ್ಕಾಡಿಗೆ ಹೋಗಿಬನ್ನಿ. ನಿಮ್ಮ ಪ್ರವಾಸದ ಕಥೆ ಮುಂದಿನ ವರ್ಷದ ಸಂಚಿಕೆಯಲ್ಲಿ ಬರಲಿ.

ಅಭ್ಯಾಸ: ನಿಮ್ಮ ಸೈಕಲ್ಲಿನ ಎರಡು ಹಲ್ಲುಚಕ್ರಗಳ ಹಲ್ಲುಗಳನ್ನೆಣಿಸಿ, ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುವುದೆಂದು ಲೆಕ್ಕ ಹಾಕಿರಿ.