ಕೈ ನಡುಗುವ ರೋಗಕ್ಕೆ ಗಿಡಮೂಲಿಕೆ: ಎಷ್ಟು ನಂಬಬೇಕು?

ರಾಯಬಾಗ ಕಡೆ ಮನೆ ಭೇಟಿಗೆ ಹೋದಾಗ ಅಜ್ಜ ಒಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಕೈಯಲ್ಲಿದ್ದ ಚಹಾ ಅರ್ಧ ಚೆಲ್ಲಿತ್ತು. "ಗುಳಿಗಿ ಬಿಟ್ಟೇನ್ರೀ ಸಿಸ್ಟರ್, ಸಂತ್ಯಾಗ ನಸುಗುನ್ನಿ ಪುಡಿ ಸಿಕ್ಕೈತಿ" ಎಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಅಪಾಯವಿದೆ. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

ರೋಗ ಏನು?
ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ನಿಧಾನವಾಗಿ ಸಾಯುತ್ತವೆ. ಆಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಇದೇ ಪಾರ್ಕಿನ್ಸನ್ ರೋಗ.

ನಸುಗುನ್ನಿ
ಮುಟ್ಟಿದರೆ ಮೈ ತುರಿಸುವ ಈ ಕಾಯಿಯ ಬೀಜದಲ್ಲಿ ಎಲ್-ಡೋಪಾ ಇದೆ. 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿದ್ದರು. ಡಾಕ್ಟರರು ಈ ರೋಗಕ್ಕೆ ಕೊಡುವ ಮುಖ್ಯ ಗುಳಿಗೆಯಲ್ಲಿ ಇರುವುದೂ ಅದೇ. ಆದರೆ ಗುಳಿಗೆಗೆ ಅಳತೆ ಇದೆ, ಸಂತೆಯ ಪುಡಿಗೆ ಇಲ್ಲ. ಎರಡನ್ನೂ ಕೂಡಿಸಿ ತಿಂದರೆ ವಾಂತಿ, ಭ್ರಮೆ, ಕೈಕಾಲು ತಾವಾಗಿ ಕುಣಿಯುವುದು ಆಗಬಹುದು. ಗುಳಿಗೆ ಒಮ್ಮೆಲೇ ಬಿಟ್ಟರೆ ಮೈ ಸೆಟೆದು, ಜ್ವರ ಏರಿ, ಜೀವಕ್ಕೇ ಕುತ್ತು ಬರಬಹುದು. ನಸುಗುನ್ನಿ ನಡುಕ, ಬಿಗಿತ ಕಡಿಮೆ ಮಾಡೀತು. ಜೀವಕೋಶ ಸಾಯುವುದನ್ನು ತಡೆಯುತ್ತದೆಂದು ಮನುಷ್ಯರಲ್ಲಿ ಸಾಬೀತಾಗಿಲ್ಲ.

ನೀರುಬ್ರಾಹ್ಮಿ
ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಶೋಧಕರು ಹಣ್ಣಿನ ನೊಣಗಳಿಗೆ ರೊಟೆನೋನ್ ಎಂಬ ಕೀಟನಾಶಕ ಕೊಟ್ಟು ಈ ರೋಗದಂಥ ಲಕ್ಷಣ ತರಿಸಿದರು. ನೀರುಬ್ರಾಹ್ಮಿ ಸಾರ ತಿಂದ ನೊಣಗಳಿಗೆ ಹಾನಿ ಕಡಿಮೆಯಾಯಿತೆಂದು 2009ರಲ್ಲಿ ವರದಿ ಮಾಡಿದರು. ಇದು ಒಳ್ಳೆಯ ಸುದ್ದಿಯೇ. ಆದರೆ ನೊಣಕ್ಕೆ ಆದದ್ದು ಅಜ್ಜನಿಗೂ ಆಗುತ್ತದೆಂದು ಹೇಳಲಾಗದು.

ತಂಬಾಕು
ಸೇದುವವರಿಗೆ ಈ ರೋಗ ಕಡಿಮೆ ಎಂಬ ಮಾತು ಅಧ್ಯಯನಗಳಲ್ಲಿ ಬಂದದ್ದು ನಿಜ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರೇ, ಇದನ್ನು ಕೇಳಿ ಮೋಸಹೋಗಬೇಡಿ. ರೋಗಿಗಳಿಗೆ ನಿಕೋಟಿನ್ ಪಟ್ಟಿ ಅಂಟಿಸಿ ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ರೋಗ ನಿಧಾನವಾಗಲಿಲ್ಲ. ತಂಬಾಕಿನಿಂದ ಕ್ಯಾನ್ಸರ್ ಬರುವುದು ಮಾತ್ರ ಖಚಿತ.

ನಮ್ಮ ಕೈಯಲ್ಲಿರುವುದು
ರೊಟೆನೋನ್, ಪ್ಯಾರಾಕ್ವಾಟ್ ಬಳಸಿದವರಲ್ಲಿ ಈ ರೋಗ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2011ರಲ್ಲಿ ತಿಳಿಸಿತು. ಅಥಣಿ, ಕಾಗವಾಡ, ಚಿಕ್ಕೋಡಿಯ ಕಬ್ಬಿನ ಹೊಲದಲ್ಲಿ ಕಳೆನಾಶಕ ಹೊಡೆಯುವಾಗ ಕೈಗವಸು, ಮುಖಕ್ಕೆ ರಕ್ಷಣೆ, ತುಂಬುತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ.

ಆ ಅಜ್ಜನನ್ನು ಸೊಸೆ ಡಾಕ್ಟರರ ಬಳಿ ಕರೆದೊಯ್ದಳು, ಪುಡಿಯ ಪೊಟ್ಟಣವನ್ನೂ ಒಯ್ದು ತೋರಿಸಿದಳು. ನೀವೂ ಹಾಗೆಯೇ ಮಾಡಿ. ಮುಚ್ಚಿಡಬೇಡಿ.

ಸಂಘದಲ್ಲಿ ಚರ್ಚಿಸಿ
1. ನಮ್ಮ ಓಣಿಯಲ್ಲಿ ಕೈ ನಡುಗುವ ಹಿರಿಯರು ಯಾರಿದ್ದಾರೆ? ಡಾಕ್ಟರರಿಗೆ ತೋರಿಸಿದ್ದಾರೆಯೇ?
2. ಔಷಧ ಹೊಡೆಯುವವರಿಗೆ ಕೈಗವಸು ಕೊಡುವವರು ಯಾರು?