ಆರೋಗ್ಯವ್ಯಯವೂ ಆಸ್ಪತ್ರೆಯ ಬಿಲ್ಲಿನ ವ್ಯಾಜ್ಯವೂ

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ಭಾರತದ ಒಟ್ಟು ಆರೋಗ್ಯವ್ಯಯದಲ್ಲಿ ಜನರು ಸ್ವಂತ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದುದು 2021-22ರ ವೇಳೆಗೆ ಶೇ. 39.4ಕ್ಕೆ ಇಳಿದು, ಸರಕಾರದ ಪಾಲು ಶೇ. 28.6ರಿಂದ ಶೇ. 48ಕ್ಕೆ ಏರಿತು, ಆದರೂ ಆ ಇಳಿದ ಪಾಲೇ ಕೃಷಿಕನ ಮನೆಗೆ ಅಲ್ಪಭಾರವೇನಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ವೇಣೂರಿನ ರೋಗಿಗೆ ಖಾಸಗಿ ಆಸ್ಪತ್ರೆಯ ಬಿಲ್ಲು ಅನ್ಯಾಯವೆಂದು ತೋರಿದಲ್ಲಿ, ಬಾಬುವಾರು ವಿವರವನ್ನು ಲಿಖಿತವಾಗಿ ಪಡೆದು, 2017ರಲ್ಲಿ ತಿದ್ದುಪಡಿಗೊಂಡ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅನ್ವಯ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಶುಲ್ಕ ತೆತ್ತು ಪಡೆವ ಚಿಕಿತ್ಸೆಯೂ ಗ್ರಾಹಕಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1995ರ ವಿ. ಪಿ. ಶಾಂತಾ ಪ್ರಕರಣದಲ್ಲಿ ನಿರ್ಣಯಿಸಿರುವುದರಿಂದ, ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ತೆತ್ತ ಮೊತ್ತ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ.