ಮುಪ್ಪಿನ ಹಾಸುಹೊಕ್ಕು

ತೇನಿ ಜಿಲ್ಲೆ ಹಾಗೂ ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರ್, ದೇವಾಂಗ ಮುಂತಾದ ಸಮುದಾಯಗಳ ಮನೆಮಾತಾಗಿ ಕನ್ನಡವು ತಲೆಮಾರುಗಳಿಂದ ಉಳಿದುಬಂದಿದೆ. ದೇವಾಂಗರ ಕುಲಕಸುಬು ನೇಯ್ಗೆ. ಇದೇ ಜಿಲ್ಲೆಯ ಆಂಡಿಪಟ್ಟಿ ಸೀಮೆಯ ಸಕ್ಕಂಪಟ್ಟಿ, ಟಿ. ಸುಬ್ಬುಲಾಪುರಗಳೂ ನೇಕಾರಿಕೆಗೆ ಹೆಸರಾದ ಊರುಗಳು. ಹಲವು ರೋಗಗಳೊಡನೆ ಬಾಳುವ ವೃದ್ಧರ ಆರ್ಥಿಕ ಸ್ಥಿತಿಯನ್ನು ಅರಿಯಲು ಮಗ್ಗವು ತಕ್ಕ ನಿದರ್ಶನ.

ಬಟ್ಟೆಯ ಉದ್ದನೆಯ ಎಳೆ ‘ಹಾಸು’, ಅಡ್ಡ ಎಳೆ ‘ಹೊಕ್ಕು’. ಎರಡನೆಯದು ‘ಹೊಗು’ ಧಾತುವಿನಿಂದ ಬಂದುದು. ಒಳಸೇರುವುದು ಅದರ ಅರ್ಥ. ಬೇರ್ಪಡಿಸಲಾಗದಂತೆ ಬೆರೆತುದನ್ನು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಮುಪ್ಪಿನಲ್ಲಿ ರೋಗ ಮತ್ತು ವರಮಾನಗಳ ಸಂಬಂಧ ಅಂಥದು.

ಸಕ್ಕರೆ ಕಾಯಿಲೆ ಕಾಲಕ್ರಮದಲ್ಲಿ ಕಣ್ಣನ್ನು ಕೆಡಿಸಬಲ್ಲದು. ಕಣ್ಣು ಮಂಜಾದರೆ ಕಡಿದ ಎಳೆ ಕಾಣದು. ಮೊಣಕಾಲು ಸವೆದರೆ ಮಗ್ಗ ತುಳಿಯುವುದು ಕಷ್ಟ. ನೇಯ್ದಷ್ಟಕ್ಕೇ ಕೂಲಿ ಪಡೆಯುವವನಿಗೆ ಔಷಧದ ಅಗತ್ಯ ಹೆಚ್ಚಿದ ಕಾಲದಲ್ಲೇ ಗಳಿಕೆ ಕುಗ್ಗುತ್ತದೆ.

ಆಸರೆಗಳು ಇಲ್ಲವೆಂದಲ್ಲ. ತಮಿಳುನಾಡಿನಲ್ಲಿ ವೃದ್ಧಾಪ್ಯ ವೇತನ 1962ರಲ್ಲೇ ಆರಂಭವಾಯಿತು; 2023ರಲ್ಲಿ ಅದು ತಿಂಗಳಿಗೆ 1,200 ರೂಪಾಯಿಗೆ ಏರಿತು. 2021ರ ಆಗಸ್ಟ್‌ನಲ್ಲಿ ಮೊದಲಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯು ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸುತ್ತದೆ. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಆಂಡಿಪಟ್ಟಿಗೆ ಸಮೀಪದಲ್ಲಿದೆ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇಂದ್ರವು 2024ರಲ್ಲಿ ವಿಸ್ತರಿಸಿತು; ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರ ವ್ಯಾಪ್ತಿ.

ಆದರೂ ಲೆಕ್ಕ ಸರಿದೂಗದು. ವಿಮೆಯು ಮುಖ್ಯವಾಗಿ ಒಳರೋಗಿಯಾಗಿ ದಾಖಲಾದವರ ವೆಚ್ಚವನ್ನು ಭರಿಸುತ್ತದೆ. ಬಹುರೋಗಿಯ ವೆಚ್ಚವಾದರೋ ಬಹುಪಾಲು ಆಸ್ಪತ್ರೆಯ ಹೊರಗಿನದು: ಆಟೋ ಬಾಡಿಗೆ, ಹೊರಗೆ ಮಾಡಿಸುವ ಪರೀಕ್ಷೆ, ಪಥ್ಯದ ಆಹಾರ, ಜೊತೆಗೆ ಬರುವ ಮಗಳ ಒಂದು ದಿನದ ಕೂಲಿ. ಕಣ್ಣು, ಕೀಲು, ಹೃದಯಗಳಿಗೆ ಬೇರೆಬೇರೆ ದಿನ ಅಲೆಯಬೇಕಾಗಿ ಬಂದರೆ ಈ ವೆಚ್ಚ ಮೂರು ಪಟ್ಟು. 1,200 ರೂಪಾಯಿಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 40 ರೂಪಾಯಿ. ಊಟವೂ ಅದರಲ್ಲೇ ಆಗಬೇಕು.

ಆದುದರಿಂದ ವೃದ್ಧರ ಆರ್ಥಿಕ ಕ್ಷೇಮವನ್ನು ಪಿಂಚಣಿಯ ಮೊತ್ತದಿಂದ ಮಾತ್ರ ಅಳೆಯಲಾಗದು. ರೋಗಗಳನ್ನು ಸಂಭಾಳಿಸಿದ ಬಳಿಕ ಕೈಯಲ್ಲಿ ಉಳಿಯುವುದೆಷ್ಟು ಎಂಬುದೇ ನಿಜವಾದ ಅಳತೆ. ಎಲ್ಲ ತಪಾಸಣೆಗಳೂ ಒಂದೇ ದಿನ, ಒಂದೇ ಕಡೆ ದೊರೆತರೆ ಅದೂ ಒಂದು ಬಗೆಯ ವರಮಾನವೇ.

ಅಭ್ಯಾಸ
1. ‘ಹಾಸುಹೊಕ್ಕು’ ಪದದ ರಚನೆ ಮತ್ತು ಅರ್ಥವಿಸ್ತಾರವನ್ನು ವಿವರಿಸಿರಿ.
2. ನಿಮ್ಮ ಮನೆಯ ಹಿರಿಯರೊಬ್ಬರ ಒಂದು ತಿಂಗಳ ಆರೋಗ್ಯ ವೆಚ್ಚವನ್ನು ಕೇಳಿ ತಿಳಿದು, ಅವರ ಮಾತಿನಲ್ಲೇ ಬರೆಯಿರಿ.